ಯಾರಿಗೂ ಅಂಟಿಕೊಳ್ಳದ ಬೆಕ್ಕಿಗೆ ಎಂಥ ಮನೆ ಹುಡುಕಬೇಕು?

ಮಾಟುಂಗಾ ಮೂರನೇ ಮಹಡಿ:
ಕಳೆದ ಮಳೆಗಾಲದಲ್ಲಿ ಕಾರಿನ ಗಾಲಿಗೆ ಸಿಕ್ಕಿ ಹಿಂಗಾಲು ಮುರಿದುಕೊಂಡಿದ್ದ ಹೆಣ್ಣು ಬೆಕ್ಕೊಂದನ್ನು ನಮ್ಮ ಓಣಿಯಿಂದ ಎತ್ತಿ ತಂದು ಚಿಕಿತ್ಸೆ ಮಾಡಿಸಿದ್ದೆವು. ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣಗಳಿರುವ ಈ ಬೆಕ್ಕಿಗೆ ವೈದ್ಯರ ಅಂದಾಜಿನಂತೆ ಎರಡು ವರ್ಷ. ಮೂಳೆ ಕೂಡಿದೆ, ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿದೆ, ಲಸಿಕೆಗಳಾಗಿವೆ, ಲಿಟರ್ ಬಾಕ್ಸನ್ನು ತಪ್ಪದೆ ಬಳಸುತ್ತದೆ. ಈಗ ಅದಕ್ಕೊಂದು ಕಾಯಂ ಮನೆ ಬೇಕು. ನಮ್ಮ ಕಟ್ಟಡ ಪುನರಾಭಿವೃದ್ಧಿಗೆ ಹೋಗುತ್ತಿದೆ, ನಾವು ಸೇರಲಿರುವ ಬಾಡಿಗೆ ಮನೆಯ ಮಾಲೀಕರು ಪ್ರಾಣಿಗಳನ್ನು ಒಪ್ಪುವುದಿಲ್ಲ. ಅದು ಮೊದಲು ಮಲಗುತ್ತಿದ್ದ ಹಿತ್ತಲಿಗೂ ತಗಡಿನ ಬೇಲಿ ಬಿದ್ದಿರುವುದರಿಂದ ಹಿಂದಿನ ಜಾಗಕ್ಕೇ ಬಿಡುವ ಮಾತೂ ಇಲ್ಲ.

ತೊಡಕಿರುವುದು ಅದರ ಸ್ವಭಾವದಲ್ಲಿ. ಮಡಿಲಿಗೆ ಬರುವುದಿಲ್ಲ, ಎತ್ತಿಕೊಂಡರೆ ಪರಚುತ್ತದೆ, ಹಗಲೆಲ್ಲ ಕಪಾಟಿನ ಮೇಲೆ ಕುಳಿತಿರುತ್ತದೆ. ಆದರೆ ಸಂಜೆ ನಾನು ಪತ್ರಿಕೆ ಹಿಡಿದು ಕುಳಿತಾಗ ತಾನಾಗಿಯೇ ಇಳಿದು ಬಂದು, ಕೈ ಚಾಚಿದರೆ ಸಿಗದಷ್ಟು ದೂರದಲ್ಲಿ ಕಾಲು ಮಡಿಸಿ ಕುಳಿತುಕೊಳ್ಳುತ್ತದೆ. ನಾನು ಎದ್ದು ಇನ್ನೊಂದು ಕೋಣೆಗೆ ಹೋದರೆ ಸ್ವಲ್ಪ ಹೊತ್ತಿನಲ್ಲಿ ಅಲ್ಲಿಗೂ ಬರುತ್ತದೆ, ಮತ್ತೆ ಅಷ್ಟೇ ದೂರದಲ್ಲಿ ಕೂರುತ್ತದೆ.

ನಾಲ್ಕು ಕಡೆಯಿಂದ ಕೇಳಿಕೆ ಬಂದಿದೆ. ಥಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ 14ನೇ ಮಹಡಿಯ ಫ್ಲಾಟಿನ ದಂಪತಿ, ಅವರಿಗೆ ನಾಲ್ಕು ವರ್ಷದ ಮಗಳಿದ್ದಾಳೆ. ಪುಣೆಯ ಕೊತ್ರೂಡಿನಲ್ಲಿ ನೆಲಮಹಡಿಯ ಸ್ವಂತ ಮನೆಯಿರುವ ನಿವೃತ್ತ ದಂಪತಿ. ಗೋವಾದ ಮಡಗಾಂವ್ ಬಳಿ ತೋಟದ ಮನೆ, ಅಲ್ಲಿ ಎರಡು ನಾಯಿಗಳಿವೆ. ನಾಲ್ಕನೆಯವರು ಚೆಂಬೂರಿನಲ್ಲಿ ಉಡುಪಿ ಹೋಟೆಲು ನಡೆಸುವ ನಮ್ಮ ಪರಿಚಯದವರು, ಗೋದಾಮಿನ ಇಲಿ ಹಿಡಿಯಲು ಬೆಕ್ಕು ಬೇಕೆನ್ನುತ್ತಾರೆ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯವಾಗಿದೆ. ನೀವಾದರೆ ಯಾವುದನ್ನು ಆರಿಸುತ್ತಿದ್ದಿರಿ, ಏಕೆ?

ಡೊಂಬಿವಲಿ ಫಾಸ್ಟ್:
ಇದರಲ್ಲಿ ಯೋಚಿಸುವುದಕ್ಕೇನಿದೆ? ಸ್ವತಂತ್ರ ಬೆಕ್ಕಿಗೆ ಸ್ವತಂತ್ರ ಜಾಗ, ಗೋವಾಕ್ಕೆ ಕಳುಹಿಸಿ.

ಮಡಗಾಂವ್ ಮನೆ:
ನಾನು ಅದೇ ಊರಿನ ಪಕ್ಕದವನು, ಆದ್ದರಿಂದ ಇದನ್ನು ಹೇಳಲೇಬೇಕು. ತೋಟದ ಮನೆ ಎಂದೊಡನೆ ಮುಂಬೈಯವರ ಕಣ್ಣಿಗೆ ಹಸಿರು ಮಾತ್ರ ಕಾಣುತ್ತದೆ. ಇಲ್ಲಿ ಮಳೆಗಾಲದಲ್ಲಿ ಕೊಳಕು ಮಂಡಲದ ಕಾಟವಿದೆ, ಗಂಡು ಬೆಕ್ಕುಗಳ ಜಗಳವಿದೆ, ಬೀದಿ ನಾಯಿಗಳ ಹಿಂಡಿದೆ. ಈ ಊರಿನಲ್ಲೇ ಹುಟ್ಟಿದ ಬೆಕ್ಕಿಗೆ ಯಾವ ಮರ ಹತ್ತಿದರೆ ಪಾರಾಗಬಹುದೆಂಬುದು ಗೊತ್ತಿರುತ್ತದೆ, ಮಾಟುಂಗಾದ ಓಣಿಯಿಂದ ಬಂದದ್ದಕ್ಕೆ ಗೊತ್ತಿರುವುದಿಲ್ಲ. ಅದರ ಮೇಲೆ ಮನೆಯಲ್ಲೇ ಎರಡು ನಾಯಿ, ಮುರಿದು ಕೂಡಿದ ಕಾಲು. ತಂದ ದಿನವೇ ಅಂಗಳಕ್ಕೆ ಬಿಟ್ಟರೆ ಮರುದಿನ ಅದು ಅಲ್ಲಿರುವುದಿಲ್ಲ.

ಡೊಂಬಿವಲಿ ಫಾಸ್ಟ್:
ಗೋವಾದಲ್ಲಿ ರೇಬೀಸ್ ಇಲ್ಲವೆಂದು ಓದಿದ್ದೇನೆ, ನಾಯಿಗಳಿಂದ ಅಷ್ಟೇನೂ ಅಪಾಯವಿರಲಾರದು.

ಮಡಗಾಂವ್ ಮನೆ:
2021ರಲ್ಲಿ ಗೋವಾವನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಿದ್ದು ನಿಜ. ವರ್ಷವರ್ಷವೂ ನಾಯಿಗಳಿಗೆ ಸಾಮೂಹಿಕವಾಗಿ ಲಸಿಕೆ ಹಾಕಿದ್ದರಿಂದ ಅದು ಸಾಧ್ಯವಾಯಿತು. ನಿಯಂತ್ರಿತ ಎಂದರೆ ಲಸಿಕೆ ಬಿಡಬಹುದು ಎಂದಲ್ಲ. ಇಷ್ಟಕ್ಕೂ ಬೆಕ್ಕಿನ ಬೆನ್ನಟ್ಟಿದ ನಾಯಿಗೆ ಲಸಿಕೆಯಾಗಿದ್ದರೆ ಬೆಕ್ಕಿಗೇನು ಸಮಾಧಾನ, ಹೇಳಿ?

ಪಶುವೈದ್ಯೆ, ಥಾಣೆ ಪಶ್ಚಿಮ:
ಮನೆಗಳನ್ನು ತೂಗುವ ಮೊದಲು ಬೆಕ್ಕನ್ನು ಸರಿಯಾಗಿ ಓದಿಕೊಳ್ಳೋಣ. ಮನುಷ್ಯರ ಸಹವಾಸವೇ ಇಲ್ಲದೆ ಬೆಳೆದು ಕಾಡುಬಿದ್ದ ಬೆಕ್ಕು, ಹಿಂದೆ ಪೆಟ್ಟು ತಿಂದು ಹೆದರಿದ ಬೆಕ್ಕು ಮತ್ತು ಜನ ಬೇಕು ಆದರೆ ಮೈಮುಟ್ಟುವುದು ಬೇಡ ಎನ್ನುವ ಬೆಕ್ಕು, ಈ ಮೂರನ್ನೂ ನಮ್ಮವರು ‘ಸ್ವತಂತ್ರ’ ಎಂಬ ಒಂದೇ ಚೀಲಕ್ಕೆ ಹಾಕುತ್ತಾರೆ. ಮೂರಕ್ಕೂ ಬೇಕಾದ ಮನೆಗಳು ಬೇರೆ ಬೇರೆ. ಮರಿಗಳಿಗೆ ಹೆಚ್ಚುಕಡಿಮೆ ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಮನುಷ್ಯರ ಕೈ, ದನಿ, ವಾಸನೆ ಪರಿಚಯವಾಗಬೇಕು. ಆ ಅವಧಿ ಹಾಗೆಯೇ ಕಳೆದುಹೋದರೆ ಆಮೇಲೆ ಕಲಿಸುವುದು ಬಹಳ ಕಷ್ಟ. ನಿಮ್ಮ ಬೆಕ್ಕು ನೀವು ಹೋದ ಕೋಣೆಗೆಲ್ಲ ಹಿಂದೆ ಬರುತ್ತದೆ ಎಂದ ಮೇಲೆ ಅದು ಕಾಡುಬಿದ್ದದ್ದಲ್ಲ. ಬರುವಾಗ ಬಾಲವನ್ನು ನೆಟ್ಟಗೆ ಮೇಲೆತ್ತಿರುತ್ತದೆಯೇ, ಕೆಳಗಿಳಿಸಿರುತ್ತದೆಯೇ, ನೋಡಿ ತಿಳಿಸಿ.

ಇನ್ನೊಂದು ವಿಷಯ. ಮೂಳೆ ಕೂಡಿದ ಮಾತ್ರಕ್ಕೆ ನೋವು ಹೋಯಿತೆಂದಲ್ಲ. ಬೆಕ್ಕುಗಳು ನೋವನ್ನು ತೋರಿಸಿಕೊಳ್ಳುವುದಿಲ್ಲ. ಎತ್ತಿಕೊಂಡಾಗ ಮಾತ್ರ ಪರಚುತ್ತದೆ ಎಂದರೆ ಸೊಂಟದ ಭಾಗದಲ್ಲಿ ಇನ್ನೂ ನೋವಿರಬಹುದು. ಸ್ವಭಾವವೆಂದು ನಿರ್ಧರಿಸುವ ಮೊದಲು ಮತ್ತೊಮ್ಮೆ ಎಕ್ಸ್‌ರೇ ತೆಗೆಸಿ. ನಿಮಗೆ ಪರೇಲ್ ಹತ್ತಿರ, ಅಲ್ಲಿನ ಬಾಯಿ ಸಾಕರ್‌ಬಾಯಿ ಪ್ರಾಣಿ ಆಸ್ಪತ್ರೆಗಾದರೂ ಹೋಗಬಹುದು. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ, ಬೆಕ್ಕಿಗೆ ಒಂದೇ ಮಾತ್ರೆ ಪ್ರಾಣಾಂತಿಕವಾಗಬಲ್ಲದು.

ಮಾಟುಂಗಾ ಮೂರನೇ ಮಹಡಿ:
ಬಾಲ ನೆಟ್ಟಗಿರುತ್ತದೆ ಡಾಕ್ಟ್ರೇ, ತುದಿ ಮಾತ್ರ ಕೊಕ್ಕೆಯಂತೆ ಬಾಗಿರುತ್ತದೆ. ಎಕ್ಸ್‌ರೇಗೆ ಈ ವಾರವೇ ಕರೆದೊಯ್ಯುತ್ತೇನೆ.

ಪಶುವೈದ್ಯೆ, ಥಾಣೆ ಪಶ್ಚಿಮ:
ಅದು ಸ್ನೇಹದ ಗುರುತು, ನಿಮ್ಮನ್ನು ಕಂಡರೆ ಅದಕ್ಕೆ ಖುಷಿಯಿದೆ. ನಿಮ್ಮ ಕೈ ಮಾತ್ರ ಬೇಡವಾಗಿದೆ.

ಚೆಂಬೂರು ಹೋಟೆಲಿನವ:
ನಾಲ್ಕನೆಯವನು ನಾನೇ ಮಾರಾಯರೇ. ಯಾರಾದರೂ ಬೈಯುವ ಮುನ್ನ ನನ್ನ ಮಾತನ್ನೂ ಕೇಳಿ. ಗೋದಾಮು ಅಡುಗೆಮನೆಯಿಂದ ಬೇರೆಯಾಗಿದೆ, ಅಕ್ಕಿ ಬೇಳೆಯ ಮೂಟೆಗಳಿರುವ ಜಾಗ. ಮೂಟೆಯ ಮೇಲೆ ಮಲಗಲಿ, ದಿನಕ್ಕೆರಡು ಹೊತ್ತು ಹಾಲು ಅನ್ನ ಹಾಕುತ್ತೇವೆ, ಯಾರೂ ಮುಟ್ಟಲು ಹೋಗುವುದಿಲ್ಲ. ಮುದ್ದು ಬೇಡವೆನ್ನುವ ಬೆಕ್ಕಿಗೆ ಇದಕ್ಕಿಂತ ಹೊಂದುವ ಕೆಲಸ ಯಾವುದಿದೆ? ಊರಿನಲ್ಲಿ ನಮ್ಮ ಅಜ್ಜಿಯ ಕಾಲದಿಂದಲೂ ಬೆಕ್ಕು ಸಾಕಿದ್ದು ಇಲಿಗಾಗಿಯೇ.

ಅಂಧೇರಿ ವಕೀಲ:
ಶೆಟ್ರೇ, ಆಹಾರ ಸುರಕ್ಷತೆಯ ನಿಯಮಗಳ ಪ್ರಕಾರ ಆಹಾರ ತಯಾರಿಸುವ ಮತ್ತು ಸಂಗ್ರಹಿಸುವ ಜಾಗಗಳಿಂದ ಪ್ರಾಣಿಗಳನ್ನು ದೂರವಿಡಬೇಕು. ಅಕ್ಕಿ ಮೂಟೆಯ ಮೇಲೆ ಬೆಕ್ಕು ಮಲಗಿರುವ ಚಿತ್ರವೊಂದು ತಪಾಸಣೆಗೆ ಬಂದವರ ಕೈಗೆ ಸಿಕ್ಕರೆ ನಿಮ್ಮ ಲೈಸೆನ್ಸಿಗೇ ತೊಂದರೆ. ಬೆಕ್ಕಿನ ಕ್ಷೇಮ ಹಾಗಿರಲಿ, ಮೊದಲು ನಿಮ್ಮ ಕ್ಷೇಮ ನೋಡಿಕೊಳ್ಳಿ.

ಮುಲುಂಡ್ ಗುಡ್ಡದ ಕೆಳಗೆ:
ಗೋದಾಮಿನಲ್ಲಿ ಇಲಿ ಪಾಷಾಣ ಇಡುತ್ತೀರಾ? ಅದನ್ನು ಮೊದಲು ಹೇಳಿ.

ಚೆಂಬೂರು ಹೋಟೆಲಿನವ:
ತಿಂಗಳಿಗೊಮ್ಮೆ ಗುತ್ತಿಗೆದಾರ ಬಂದು ಕೇಕ್ ಇಟ್ಟು ಹೋಗುತ್ತಾನೆ. ಬೆಕ್ಕು ಕೇಕ್ ತಿನ್ನುವುದಿಲ್ಲವಲ್ಲ.

ಪಶುವೈದ್ಯೆ, ಥಾಣೆ ಪಶ್ಚಿಮ:
ಬೆಕ್ಕು ಕೇಕ್ ತಿನ್ನುವುದಿಲ್ಲ, ಕೇಕ್ ತಿಂದ ಇಲಿಯನ್ನು ತಿನ್ನುತ್ತದೆ. ಅಂಗಡಿಯಲ್ಲಿ ಸಿಗುವ ಆ ಕೇಕ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಬ್ರೊಮಾಡಿಯೊಲೋನ್, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಿಷ. ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ಓಡಾಡುತ್ತದೆ, ಅಂಥ ಇಲಿಯೇ ಬೆಕ್ಕಿಗೆ ಸುಲಭವಾಗಿ ಸಿಗುವುದು. ವಿಷ ಹೊಟ್ಟೆ ಸೇರಿದ ಮೇಲೆ ಒಸಡಿನಿಂದ, ಮೂಗಿನಿಂದ ರಕ್ತ ಬರುವವರೆಗೆ ಮನೆಯವರಿಗೆ ತಿಳಿಯುವುದೂ ಇಲ್ಲ. ಬೇಗ ಕರೆತಂದರೆ ವಿಟಮಿನ್ ಕೆ ಕೊಟ್ಟು ಉಳಿಸಬಹುದು. ಗೋದಾಮಿನ ಬೆಕ್ಕನ್ನು ಅಷ್ಟು ಹತ್ತಿರದಿಂದ ಗಮನಿಸುವವರು ಯಾರಿದ್ದಾರೆ? ಇನ್ನು ಹಾಲಿನ ಮಾತು. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ.

ಚೆಂಬೂರು ಹೋಟೆಲಿನವ:
ಸರಿ, ಗೋದಾಮಿನ ಮಾತು ಬಿಟ್ಟೆ. ಆದರೆ ಇಲಿಗೆ ಏನು ಮಾಡಲಿ ಎಂದು ಯಾರೂ ಹೇಳುವುದಿಲ್ಲ!

ಮುಲುಂಡ್ ಗುಡ್ಡದ ಕೆಳಗೆ:
ಬಾಗಿಲ ಕೆಳಗಿನ ಸಂದಿಗೆ ತಗಡು ಹೊಡೆಸಿ, ಮೂಟೆಗಳನ್ನು ಗೋಡೆಯಿಂದ ದೂರ, ಹಲಗೆಯ ಮೇಲೆ ಇಡಿಸಿ. ಇಲಿ ಒಳಗೆ ಬರುವುದೇ ಆ ಸಂದಿಯಿಂದ.

ಘೋಡ್‌ಬಂದರ್ ಅಮ್ಮ:
ಆ 14ನೇ ಮಹಡಿಯವರು ನಾವಲ್ಲ, ಆದರೆ ನಮ್ಮದೂ ಅಂಥದೇ ಮನೆ, ಅಂಥದೇ ವಯಸ್ಸಿನ ಮಗು. ಮಗುವಿರುವ ಮನೆಯನ್ನು ಎಲ್ಲರೂ ಮೊದಲೇ ತಳ್ಳಿಹಾಕುವುದನ್ನು ನೋಡಿ ಬೇಸರವಾಗುತ್ತದೆ. ಮಕ್ಕಳು ಪ್ರಾಣಿಗಳ ಜೊತೆಯಲ್ಲೇ ದಯೆ ಕಲಿಯುವುದು. ನಮ್ಮ ಮಗಳು ನಮ್ಮ ಗಂಡು ಬೆಕ್ಕನ್ನು ಹೆಗಲ ಮೇಲೆ ಹಾಕಿಕೊಂಡೇ ತಿರುಗುತ್ತಾಳೆ, ಅದು ಒಂದು ದಿನವೂ ಉಗುರು ತೋರಿಸಿಲ್ಲ.

ವಾಶಿ ಬೆಕ್ಕಿನಜ್ಜಿ:
ನಿನ್ನ ಬೆಕ್ಕು ಅಂಥದ್ದು ಮಗಾ, ಇದು ಅಂಥದ್ದಲ್ಲ. ನಾಲ್ಕು ವರ್ಷದ ಕೂಸಿಗೆ ಬೇಕಾಗಿರುವುದು ತಬ್ಬಿಕೊಳ್ಳುವ ಬೆಕ್ಕು, ಈ ಬೆಕ್ಕಿಗೆ ಬೇಕಾಗಿರುವುದು ತಬ್ಬಿಕೊಳ್ಳದ ಜನ. ಮಗು ಹಿಂದೆ ಬಿದ್ದು ಓಡುತ್ತದೆ, ಬೆಕ್ಕು ಮಂಚದಡಿ ಸೇರುತ್ತದೆ, ಮಗು ಅಲ್ಲಿಗೂ ಕೈ ಹಾಕುತ್ತದೆ, ಆ ದಿನ ಪರಚುತ್ತದೆ. ಮರುದಿನ ‘ಕಚ್ಚುವ ಬೆಕ್ಕು’ ಎಂಬ ಹೆಸರು ಹೊತ್ತು ಅದು ಮಾಟುಂಗಾಕ್ಕೆ ವಾಪಸು ಬರುತ್ತದೆ. ತಪ್ಪು ಮಗುವಿನದೂ ಅಲ್ಲ, ಬೆಕ್ಕಿನದೂ ಅಲ್ಲ, ಜೋಡಿ ಹೊಂದಿಸಿದ ದೊಡ್ಡವರದು. ನನ್ನ ಮನೆಯಿಂದ ಬಹಳ ಬೆಕ್ಕುಗಳು ಬೇರೆ ಬೇರೆ ಮನೆ ಸೇರಿವೆ. ಹಿಂತಿರುಗಿ ಬಂದವುಗಳಲ್ಲಿ ಹೆಚ್ಚಿನವು ‘ನಮ್ಮ ಮಗುವಿಗೆ ಆಸೆ’ ಎಂದು ಒಯ್ದವರಿಂದಲೇ ಬಂದಿವೆ.

ಘೋಡ್‌ಬಂದರ್ ಅಮ್ಮ:
ಎಲ್ಲ ಮಕ್ಕಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಅಜ್ಜೀ. ಹೇಳಿಕೊಟ್ಟರೆ ಮಗು ಕೇಳುತ್ತದೆ.

ವಾಶಿ ಬೆಕ್ಕಿನಜ್ಜಿ:
ಕೇಳುವ ಮಗುವಿರುವ ಮನೆಗೆ ಎಗರಾಡುವ ಮರಿಯೊಂದನ್ನು ನಾನೇ ತಂದು ಕೊಡುತ್ತೇನೆ. ಇದನ್ನು ಮಾತ್ರ ಬೇಡ.

ಡೊಂಬಿವಲಿ ಫಾಸ್ಟ್:
ಮಗುವಿನ ಮಾತು ಬಿಡಿ, 14ನೇ ಮಹಡಿಯ ಬಗ್ಗೆ ಹೆದರಿಕೆ ಬೇಡ. ಬೆಕ್ಕು ಎಷ್ಟು ಎತ್ತರದಿಂದ ಬಿದ್ದರೂ ಕಾಲೂರಿಯೇ ಬೀಳುತ್ತದೆ, ಎತ್ತರ ಹೆಚ್ಚಾದಷ್ಟೂ ಬದುಕುವ ಸಾಧ್ಯತೆ ಹೆಚ್ಚು ಎಂದು ಅಮೆರಿಕದಲ್ಲಿ ಅಧ್ಯಯನವೇ ಆಗಿದೆ.

ಪಶುವೈದ್ಯೆ, ಥಾಣೆ ಪಶ್ಚಿಮ:
ಈ ಅಧ್ಯಯನದ ಹೆಸರಿನಲ್ಲಿ ಎಷ್ಟು ಬೆಕ್ಕುಗಳು ಬಾಲ್ಕನಿಯಿಂದ ಬಿದ್ದಿವೆಯೋ! 1987ರಲ್ಲಿ ಪ್ರಕಟವಾದದ್ದು, ನ್ಯೂಯಾರ್ಕಿನಲ್ಲಿ ಎತ್ತರದ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ದಾಖಲೆ ಅದು. ಅವುಗಳಲ್ಲಿ ಶೇಕಡಾ 90ರಷ್ಟು ಬದುಕಿದವು ಎಂಬುದು ನಿಜ. ಆದರೆ ಅವೆಲ್ಲ ಆಸ್ಪತ್ರೆಗೆ ತಂದ ಬೆಕ್ಕುಗಳು. ನೆಲಕ್ಕೆ ಬಿದ್ದ ಜಾಗದಲ್ಲೇ ಸತ್ತದ್ದನ್ನು ಯಾರೂ ಆಸ್ಪತ್ರೆಗೆ ಹೊತ್ತು ತರುವುದಿಲ್ಲ, ಆದ್ದರಿಂದ ಅವು ಲೆಕ್ಕಕ್ಕೇ ಸೇರುವುದಿಲ್ಲ. ಬದುಕಿದವುಗಳಲ್ಲೂ ಎದೆಗೆ ಪೆಟ್ಟು, ದವಡೆ ಮುರಿತ, ಸೀಳಿದ ಅಂಗುಳ ಬಹಳ ಸಾಮಾನ್ಯವಾಗಿದ್ದವು. ಎತ್ತರ ಹೆಚ್ಚಾದರೆ ಒಳ್ಳೆಯದು ಎಂದು ಅದರಿಂದ ತೀರ್ಮಾನಿಸುವುದು ಪೂರ್ತಿ ತಪ್ಪು.

ಪಾರಿವಾಳ ಕಿಟಕಿಗೆ ಬಂದು ಕೂರುವ ನಮ್ಮ ಊರುಗಳಲ್ಲಿ ಇದು ಬರಿಯ ಮಾತಲ್ಲ. ಪಾರಿವಾಳ ತಡೆಯಲು ಹಾಕುವ ನೈಲಾನ್ ಬಲೆ ಬಿಸಿಲಿಗೆ ಜಡ್ಡುಗಟ್ಟಿ ಹರಿಯುತ್ತದೆ, ಬೆಕ್ಕು ಹಲ್ಲಿನಿಂದಲೂ ಕತ್ತರಿಸಬಲ್ಲದು. ಗ್ರಿಲ್ಲಿನ ಸರಳುಗಳ ನಡುವೆ ತಲೆ ತೂರಿದರೆ ಮೈಯೂ ತೂರುತ್ತದೆ. ತಂತಿ ಜಾಳಿಗೆಯನ್ನೇ ಹಾಕಿಸಬೇಕು, ಎಷ್ಟನೆಯ ಮಹಡಿಯೇ ಆಗಿರಲಿ.

ಮುಲುಂಡ್ ಗುಡ್ಡದ ಕೆಳಗೆ:
ಹೊರಗೆ ಬಿಟ್ಟು ಸಾಕಬೇಕೆನ್ನುವವರಿಗೆ ನಮ್ಮ ಕಡೆಯದೂ ಒಂದು ಮಾತು. ನಮ್ಮ ಕಾಲೊನಿಯ ಬೆನ್ನಿಗೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ. ಕತ್ತಲಾದ ಮೇಲೆ ಚಿರತೆ ಓಡಾಡುವುದು ಇಲ್ಲಿ ಸುದ್ದಿಯೇ ಅಲ್ಲ. ನಾಯಿಯೇ ಅದಕ್ಕೆ ಹೆಚ್ಚು ಪ್ರಿಯ, ಆದರೆ ಬೆಕ್ಕನ್ನೇನೂ ಬಿಟ್ಟುಕೊಡುವುದಿಲ್ಲ.

ವಡಾಲಾ ಓದುಗ:
ಇಷ್ಟೆಲ್ಲ ಏಕೆ? ಬೆಕ್ಕು ಸ್ವಾರ್ಥದ ಪ್ರಾಣಿ, ಅನ್ನ ಹಾಕಿದವರ ಮನೆಯೇ ಅದರ ಮನೆ. ಸಾಸೂನ್ ಡಾಕಿನಲ್ಲೋ ಮೀನು ಮಾರುಕಟ್ಟೆಯ ಬಳಿಯೋ ಬಿಟ್ಟರೆ ರಾಜವೈಭೋಗದಲ್ಲಿ ಇರುತ್ತದೆ.

ಅಂಧೇರಿ ವಕೀಲ:
ಹಾಗೆ ಬಿಟ್ಟು ಬರುವುದು ಅಪರಾಧವೆಂದು ನಿಮಗೆ ಗೊತ್ತಿರಲಿ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ 11ನೇ ಕಲಮಿನ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಯಾವುದೇ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ಕ್ರೌರ್ಯವೇ. ಮೊದಲ ಅಪರಾಧಕ್ಕೆ ಆ ಕಾಯ್ದೆ ಇಟ್ಟಿರುವ ದಂಡ 10ರಿಂದ 50 ರೂಪಾಯಿ ಎಂಬುದು ನಾಚಿಕೆಗೇಡಿನ ಸಂಗತಿ. ಒಂದು ವಡಾಪಾವಿನ ಬೆಲೆಗೆ ಇಳಿದಿರುವ ದಂಡವೆಂದು ಅಪರಾಧ ಅಪರಾಧವಲ್ಲದೆ ಹೋಗುವುದಿಲ್ಲ.

ವಾಶಿ ಬೆಕ್ಕಿನಜ್ಜಿ:
ಮೀನು ಮಾರುಕಟ್ಟೆಯಲ್ಲಿ ರಾಜವೈಭೋಗವೇ? ಅಲ್ಲಿ ಆಗಲೇ ಇರುವ ಬೆಕ್ಕುಗಳು ಹೊಸದನ್ನು ಒಂದು ಬಂಗುಡೆ ತಲೆಯ ಹತ್ತಿರಕ್ಕೂ ಬಿಡುವುದಿಲ್ಲ. ಒಂದು ಸಂಜೆ ಅಲ್ಲಿ ನಿಂತು ನೋಡಿ, ಆಮೇಲೆ ಮಾತನಾಡೋಣ. ಸ್ವಾರ್ಥದ ಮಾತೂ ಹಾಗೆಯೇ. ಕರೆಯದೆ ಬಂದು ಪಕ್ಕದಲ್ಲಿ ಕೂರುವುದು ಸ್ವಾರ್ಥವೇ? ಆ ಹೊತ್ತಿಗೆ ಅನ್ನವನ್ನೂ ಯಾರೂ ಹಾಕುತ್ತಿಲ್ಲವಲ್ಲ.

ಕೊತ್ರೂಡ್ ನಿವೃತ್ತ:
ನಮಸ್ಕಾರ. ಬೆಕ್ಕು ಕೇಳಿದವರಲ್ಲಿ ಎರಡನೆಯವರು ನಾವು. ಚರ್ಚೆಯನ್ನು ಮೊದಲಿನಿಂದ ಓದುತ್ತಿದ್ದೆ, ಇನ್ನು ಸುಮ್ಮನಿರುವುದು ಸರಿಯಲ್ಲ ಎನ್ನಿಸಿತು. ನಾವು ಇಬ್ಬರೇ, ಮಗ ಹೊರದೇಶದಲ್ಲಿದ್ದಾನೆ. ಧಾರವಾಡದಲ್ಲಿದ್ದಾಗ ಮನೆ ತುಂಬ ಬೆಕ್ಕುಗಳಿದ್ದವು, ಇಲ್ಲಿಗೆ ಬಂದ ಮೇಲೆ ಸಾಕಿಲ್ಲ. ನಮ್ಮ ಮನೆ ನೆಲಮಹಡಿಯದು, ಹಿಂದೆ ಸಣ್ಣ ಅಂಗಳವಿದೆ, ಕರಿಬೇವು, ಪೇರಲೆ ಮರಗಳಿವೆ. ನನ್ನ ಹೆಂಡತಿಗೆ ಮಂಡಿನೋವು, ಆದ್ದರಿಂದ ಮನೆಯಲ್ಲಿ ಯಾರೂ ಯಾರ ಹಿಂದೆಯೂ ಓಡುವುದಿಲ್ಲ. ನನ್ನ ಎರಡು ಸಂದೇಹಗಳಿಗೆ ತಿಳಿದವರು ಉತ್ತರಿಸಬೇಕು. ನಾವು ಸಸ್ಯಾಹಾರಿಗಳು, ಮೊಸರನ್ನದಲ್ಲಿ ಬೆಕ್ಕು ಬದುಕೀತೇ? ಅಂಗಳಕ್ಕೆ ಬಿಡಬಹುದೇ?

ಡೊಂಬಿವಲಿ ಫಾಸ್ಟ್:
ಬೇಕಾದಷ್ಟು ಬ್ರಾಹ್ಮಣರ ಮನೆಯ ಬೆಕ್ಕುಗಳು ಮೊಸರನ್ನ ತಿಂದೇ ಬೆಳೆದಿವೆ.

ಪಶುವೈದ್ಯೆ, ಥಾಣೆ ಪಶ್ಚಿಮ:
ಬೆಳೆದದ್ದು ಮೊಸರನ್ನದಿಂದಲ್ಲ, ಅಟ್ಟದ ಮೇಲಿನ ಇಲಿಯಿಂದ, ಹಿತ್ತಲಿನ ಹಲ್ಲಿ ಹಕ್ಕಿಗಳಿಂದ. ಮನೆಯವರಿಗೆ ಕಾಣುತ್ತಿದ್ದದ್ದು ಮೊಸರನ್ನದ ತಟ್ಟೆ ಮಾತ್ರ. ಬೆಕ್ಕಿನ ದೇಹ ಟಾರಿನ್ ಎಂಬ ಅಂಶವನ್ನು ತನಗೆ ಸಾಕಾಗುವಷ್ಟು ತಯಾರಿಸಿಕೊಳ್ಳಲಾರದು, ಅದು ಮಾಂಸ ಮೀನುಗಳಿಂದಲೇ ಬರಬೇಕು. ಅದರ ಕೊರತೆಯಾದರೆ ಕಣ್ಣಿನ ಅಕ್ಷಿಪಟ ಹಾಳಾಗುತ್ತದೆ, ಹೃದಯದ ಸ್ನಾಯು ಸಡಿಲಗೊಂಡು ಹಿಗ್ಗುತ್ತದೆ. ಮನೆಯೊಳಗೇ ಇರುವ ಬೆಕ್ಕಿಗೆ ಬರಿ ಮೊಸರನ್ನ ಹಾಕುವುದೆಂದರೆ ನಿಧಾನವಾಗಿ ಕುರುಡು ಮಾಡುವುದೆಂದೇ ಅರ್ಥ. ರಾಯರೇ, ನೀವು ಅಡುಗೆಮನೆಗೆ ಮಾಂಸ ತರಬೇಕಾಗಿಲ್ಲ. ಬೆಕ್ಕಿಗೆಂದೇ ತಯಾರಾದ ಒಣ ಆಹಾರದಲ್ಲಿ ಟಾರಿನ್ ಸೇರಿಸಿರುತ್ತಾರೆ, ಅದರ ಚೀಲವನ್ನು ಹಿಂಬದಿಯ ಪಡಸಾಲೆಯಲ್ಲಿ ಇಟ್ಟುಕೊಂಡರೂ ನಡೆಯುತ್ತದೆ. ಜೊತೆಗೆ ನೀರು ಯಥೇಚ್ಛವಾಗಿ ಸಿಗಬೇಕು. ಆದರೆ ಆ ಚೀಲ ಮನೆಗೆ ಬರುವುದು ನಿಮ್ಮಿಬ್ಬರಿಗೂ ಮನಸ್ಸಿನಿಂದ ಒಪ್ಪಿಗೆಯೇ ಎಂಬುದನ್ನು ಈಗಲೇ ಮಾತನಾಡಿಕೊಳ್ಳಿ.

ಕೊತ್ರೂಡ್ ನಿವೃತ್ತ:
ಹೆಂಡತಿಯನ್ನು ಕೇಳಿದೆ. ‘ಅದರ ಊಟ ಅದು ಮಾಡಲಿ, ನನ್ನ ಪಾತ್ರೆ ಬೇರೆ, ಅದರ ಪಾತ್ರೆ ಬೇರೆ’ ಎಂದಳು.

ಔಂಧ್ ಬಾಡಿಗೆದಾರ:
ಪುಣೆಯವರಿಗೆ ಒಂದು ಮಾತು. ಬೆಕ್ಕುಗಳನ್ನೂ ನೋಂದಾಯಿಸಬೇಕೆಂದು ಪುಣೆ ಮಹಾನಗರ ಪಾಲಿಕೆ 2022ರಲ್ಲಿ ಪ್ರಕಟಿಸಿತು. ಅದಕ್ಕೆ ರೇಬೀಸ್ ಲಸಿಕೆಯ ದಾಖಲೆ ಬೇಕಾಗುತ್ತದೆ, ಆದ್ದರಿಂದ ಮಾಟುಂಗಾದವರಿಂದ ಲಸಿಕೆಯ ಪುಸ್ತಕವನ್ನು ಕೇಳಿ ತೆಗೆದುಕೊಳ್ಳಿ.

ಮಾಟುಂಗಾ ಮೂರನೇ ಮಹಡಿ:
ಪುಸ್ತಕವಿದೆ, ಶಸ್ತ್ರಚಿಕಿತ್ಸೆಯ ಕಾಗದವೂ ಇದೆ. ಎಕ್ಸ್‌ರೇ ವರದಿಯೂ ಬಂತು. ಮೂಳೆ ಕೂಡಿದ ಜಾಗ ಸ್ವಲ್ಪ ಓರೆಯಾಗಿದೆಯಂತೆ, ಹೊಟ್ಟೆಯಡಿ ಕೈ ಹಾಕಿ ಎತ್ತಿದಾಗ ಅಲ್ಲಿ ಎಳೆತ ಬೀಳುತ್ತದೆ ಎಂದರು. ಡಾಕ್ಟ್ರು ಇಲ್ಲಿ ಹೇಳಿದ್ದೇ ನಿಜವಾಯಿತು. ಇಷ್ಟು ದಿನ ಮನೆಯವರೆಲ್ಲ ಅದನ್ನು ‘ಜಂಬದ ಕೋಳಿ’ ಎಂದು ಕರೆಯುತ್ತಿದ್ದರು.

ಪಶುವೈದ್ಯೆ, ಥಾಣೆ ಪಶ್ಚಿಮ:
ಹಾಗಾದರೆ ಮನೆಯ ಲೆಕ್ಕ ಇನ್ನಷ್ಟು ಸ್ಪಷ್ಟವಾಯಿತು. ಲಿಟರ್ ಬಾಕ್ಸಿನ ಒಂದು ಅಂಚು ತಗ್ಗಾಗಿರಬೇಕು. ಎತ್ತರದಲ್ಲಿ ಕೂರುವ ಆಸೆ ಅದಕ್ಕೆ ಹೋಗುವುದಿಲ್ಲ, ಆದ್ದರಿಂದ ಕಪಾಟಿಗೆ ಒಂದೇ ನೆಗೆತದಲ್ಲಿ ಹಾರುವ ಬದಲು ಸ್ಟೂಲು, ಟೇಬಲ್ಲು ಹೀಗೆ ಮೆಟ್ಟಿಲು ಸಿಗುವಂತೆ ಜೋಡಿಸಿ. ನೋವಿನ ಔಷಧವನ್ನು ನೋಡುವ ವೈದ್ಯರೇ ನಿರ್ಧರಿಸಲಿ. ನೋವು ಕಡಿಮೆಯಾದರೆ ಮಡಿಲಿಗೆ ಬರುತ್ತದೆ ಎಂದು ಮಾತ್ರ ನಿರೀಕ್ಷಿಸಬೇಡಿ. ಬರಬಹುದು, ಬರದೆಯೂ ಇರಬಹುದು. ರಾಯರೇ, ಬಾರದಿದ್ದರೆ ನಿಮಗೆ ಬೇಸರವಾಗುತ್ತದೆಯೇ?

ಕೊತ್ರೂಡ್ ನಿವೃತ್ತ:
ನನಗೆ ಆಗುವುದಿಲ್ಲ. ನಾನು ದಿನವಿಡೀ ಓದುವವನು, ಒಂದು ಜೀವ ಕೋಣೆಯಲ್ಲಿದ್ದರೆ ಸಾಕು. ಹೆಂಡತಿಗೆ ಸ್ವಲ್ಪ ಆಸೆಯಿದೆ. ಅವಳ ಬಗ್ಗೆ ನಾನು ಸುಳ್ಳು ಹೇಳಲಾರೆ.

ವಾಶಿ ಬೆಕ್ಕಿನಜ್ಜಿ:
ಈ ಉತ್ತರಕ್ಕೇ ನಾನು ಬೆಕ್ಕು ಕೊಡುತ್ತಿದ್ದೆ. ‘ನಾವು ತುಂಬ ಪ್ರೀತಿ ಕೊಡುತ್ತೇವೆ’ ಎಂದು ಎಲ್ಲರೂ ಹೇಳುತ್ತಾರೆ. ಏನನ್ನು ತಡೆದುಕೊಳ್ಳಬಲ್ಲೆವು ಎಂದು ಹೇಳುವವರು ಕಡಿಮೆ. ಅಮ್ಮನವರಿಗೆ ಒಂದು ಉಪಾಯ ಹೇಳಿ: ಬೆಕ್ಕಿನ ಕಡೆ ನೋಡಿ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಲಿ, ಅಷ್ಟೇ, ಕೈ ಚಾಚುವುದು ಬೇಡ.

ವಡಾಲಾ ಓದುಗ:
ಕಣ್ಣು ಹೊಡೆದರೆ ಬೆಕ್ಕು ಒಲಿಯುತ್ತದೆಯೇ? ಇದೊಂದು ಬಾಕಿ ಇತ್ತು.

ಪಶುವೈದ್ಯೆ, ಥಾಣೆ ಪಶ್ಚಿಮ:
ನಗಬೇಡಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಇದನ್ನೇ ಪ್ರಯೋಗಿಸಿ ಪ್ರಕಟಿಸಿದ್ದಾರೆ. ಮನುಷ್ಯರು ನಿಧಾನವಾಗಿ ಕಣ್ಣು ಕಿರಿದು ಮಾಡಿದಾಗ ಬೆಕ್ಕುಗಳೂ ಹಾಗೆಯೇ ಪ್ರತಿಕ್ರಿಯಿಸುವುದು ಹೆಚ್ಚಾಯಿತು. ಸುಮ್ಮನೆ ಕೈ ಮುಂದೆ ಮಾಡಿದ ಅಪರಿಚಿತರಿಗಿಂತ ಹೀಗೆ ಕಣ್ಣು ಮಿಟುಕಿಸಿ ಕೈ ಮುಂದೆ ಮಾಡಿದವರ ಹತ್ತಿರ ಅವು ಹೆಚ್ಚಾಗಿ ಬಂದವು.

ಔಂಧ್ ಬಾಡಿಗೆದಾರ:
ಅಂಗಳದ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ನನ್ನ ಮತ ಬಿಡಬಹುದು ಎಂದೇ. ಬೀದಿಯಲ್ಲಿ ಬೆಳೆದ ಬೆಕ್ಕನ್ನು ಜೀವನವಿಡೀ ನಾಲ್ಕು ಗೋಡೆಯೊಳಗೆ ಇಡುವುದು ಕ್ರೌರ್ಯ.

ಮಡಗಾಂವ್ ಮನೆ:
ಬೀದಿಯಲ್ಲಿ ಬೆಳೆದದ್ದಕ್ಕೇ ಅದರ ಕಾಲು ಮುರಿದದ್ದು.

ವಾಶಿ ಬೆಕ್ಕಿನಜ್ಜಿ:
ಇಬ್ಬರೂ ಸ್ವಲ್ಪ ತಡೆಯಿರಿ. ಪ್ರಶ್ನೆ ಬಿಡಬೇಕೋ ಬೇಡವೋ ಎಂಬುದಕ್ಕಿಂತ ಯಾವಾಗ, ಹೇಗೆ ಎಂಬುದರದು. ಮೊದಲು ಒಂದೇ ಕೋಣೆ. ಅಲ್ಲಿಯೇ ಲಿಟರ್ ಬಾಕ್ಸ್, ದೂರದ ಮೂಲೆಯಲ್ಲಿ ಊಟ, ನಡುವೆ ಅಡಗಿಕೊಳ್ಳಲು ಮಗುಚಿಟ್ಟ ರಟ್ಟಿನ ಪೆಟ್ಟಿಗೆ. ಮಾಟುಂಗಾದಲ್ಲಿ ಅದು ಮಲಗುತ್ತಿದ್ದ ಹಳೆಯ ಸೀರೆಯನ್ನೋ ಟವೆಲನ್ನೋ ಒಗೆಯದೆ ಹಾಗೆಯೇ ತಂದು ಹಾಸಬೇಕು. ಮೊದಮೊದಲು ಊಟ ಬಿಡಬಹುದು, ರಾತ್ರಿ ಅಳಬಹುದು, ಗಾಬರಿಯಾಗಬೇಡಿ. ಆದರೆ ಪೂರ್ತಿ ಒಂದು ದಿನ ಏನನ್ನೂ ಮುಟ್ಟದಿದ್ದರೆ ವೈದ್ಯರಿಗೆ ಫೋನು ಮಾಡಿ. ಆ ಕೋಣೆಯಲ್ಲಿ ಬಾಲ ಎತ್ತಿ ನಡೆಯಲಾರಂಭಿಸಿದ ಮೇಲೆ ಉಳಿದ ಮನೆಗೆ ಬಾಗಿಲು ತೆರೆಯಿರಿ. ಅಂಗಳದ ಮಾತು ಅದಕ್ಕೂ ಎಷ್ಟೋ ವಾರಗಳ ನಂತರ. ಆಗಲೂ ಅಂಗಳಕ್ಕೆ ಮೇಲಿನಿಂದ ಜಾಳಿಗೆ ಹಾಕಿಸಿದರೆ ಮಾತ್ರ ನನ್ನ ಒಪ್ಪಿಗೆ. ಬೆಕ್ಕಿಗೆ ಜನಕ್ಕಿಂತ ಜಾಗ ಹೆಚ್ಚು. ಹೊಸ ಜಾಗ ತನ್ನದು ಎನ್ನಿಸುವ ಮೊದಲು ಬಾಗಿಲು ತೆರೆದರೆ ಹಳೆಯ ಜಾಗವನ್ನು ಹುಡುಕಿಕೊಂಡು ಹೊರಡುತ್ತದೆ, ಮತ್ತೆ ಸಿಗುವುದಿಲ್ಲ.

ಮಾಟುಂಗಾ ಮೂರನೇ ಮಹಡಿ:
ನಮ್ಮ ಮನೆಯಲ್ಲಿ ಒಮ್ಮತವಾಯಿತು, ಕೊತ್ರೂಡಿಗೆ. ಥಾಣೆಯವರಿಗೆ ನಾನೇ ಫೋನು ಮಾಡಿ ಕಾರಣ ತಿಳಿಸಿದೆ. ಮೊದಲು ಬೇಸರಪಟ್ಟುಕೊಂಡರು, ಮರಿ ಸಿಕ್ಕಿದರೆ ತಿಳಿಸಿ ಎಂದರು. ಅಜ್ಜಿಯವರ ನಂಬರನ್ನು ಅವರಿಗೆ ಕೊಡಬಹುದೇ ಎಂದು ಖಾಸಗಿಯಾಗಿ ಕೇಳುತ್ತೇನೆ. ರಾಯರೇ, ನನ್ನದೊಂದು ಷರತ್ತು, ಕಾಗದದ ಮೇಲೆಯೂ ಬರೆದುಕೊಳ್ಳೋಣ: ಯಾವ ಕಾರಣಕ್ಕಾದರೂ ಹೊಂದದಿದ್ದರೆ ಬೇರೆಯವರಿಗೆ ದಾಟಿಸದೆ ನಮಗೇ ಫೋನು ಮಾಡಬೇಕು. ಬಾಡಿಗೆ ಮನೆಯ ಮಾಲೀಕರ ವಿಷಯ ಆಗ ನಾವು ನೋಡಿಕೊಳ್ಳುತ್ತೇವೆ. ಮೊದಲು ನಾವು ಬೆಕ್ಕಿಲ್ಲದೆ ಬಂದು ಮನೆ ನೋಡುತ್ತೇವೆ.

ಕೊತ್ರೂಡ್ ನಿವೃತ್ತ:
ಖಂಡಿತ ಬನ್ನಿ, ಊಟಕ್ಕೇ ಬನ್ನಿ. ಷರತ್ತಿಗೆ ಇಬ್ಬರೂ ಸಹಿ ಹಾಕುತ್ತೇವೆ. ಬೆಕ್ಕನ್ನು ತರುವುದು ಹೇಗೆ ಎಂಬುದೇ ನನ್ನ ಚಿಂತೆ, ದಾರಿ 150 ಕಿಲೋಮೀಟರು.

ಪಶುವೈದ್ಯೆ, ಥಾಣೆ ಪಶ್ಚಿಮ:
ಕಾರಿನಲ್ಲಿ ಬೆಳಗಿನ ತಂಪಿನಲ್ಲಿ ಹೊರಡಿ. ಹೊರಡುವ ನಾಲ್ಕೈದು ಗಂಟೆ ಮೊದಲೇ ಊಟ ನಿಲ್ಲಿಸಿ, ನೀರು ಕೊಡಬಹುದು. ಮೇಲಿನಿಂದ ತೆರೆಯುವ ಗಟ್ಟಿ ಪ್ಲಾಸ್ಟಿಕ್ ಕ್ಯಾರಿಯರ್ ತನ್ನಿ, ಹೊಟ್ಟೆಯಡಿ ಕೈ ಹಾಕದೆ ಟವೆಲಿನಲ್ಲಿ ಸುತ್ತಿ ಇಳಿಸಲು ಅನುಕೂಲ. ಅದನ್ನು ಇಂದೇ ಮನೆಯಲ್ಲಿ ತೆರೆದಿಟ್ಟು ಒಳಗೆ ಊಟ ಹಾಕುತ್ತ ಬಂದರೆ ಆ ದಿನ ಹೋರಾಟವಿರುವುದಿಲ್ಲ. ಕ್ಯಾರಿಯರಿಗೆ ತೆಳು ಬಟ್ಟೆ ಹೊದಿಸಿ, ಗಾಳಿಯಾಡಲಿ. ಎಕ್ಸ್‌ಪ್ರೆಸ್‌ವೇಯ ಫುಡ್ ಮಾಲಿನಲ್ಲಿ ಚಹಾಕ್ಕೆ ನಿಂತಾಗ ‘ಪಾಪ, ಸ್ವಲ್ಪ ಗಾಳಿ ತೆಗೆದುಕೊಳ್ಳಲಿ’ ಎಂದು ಮಾತ್ರ ಯಾರೂ ಬಾಗಿಲು ತೆರೆಯಬೇಡಿ. ಖಂಡಾಳಾ ಘಾಟಿಯಲ್ಲಿ ಓಡಿದ ಬೆಕ್ಕನ್ನು ಹಿಡಿಯುವವರಿಲ್ಲ.

ಡೊಂಬಿವಲಿ ಫಾಸ್ಟ್:
ಕಾರು ಬೇಕಾದರೆ ನನ್ನದಿದೆ. ತಿಂಗಳಿಗೊಮ್ಮೆ ಪುಣೆಗೆ ಹೋಗುತ್ತಲೇ ಇರುತ್ತೇನೆ, ದಾರಿಯಲ್ಲಿ ಚಹಾಕ್ಕೆ ನಿಲ್ಲುವುದಿಲ್ಲ ಎಂದು ಮಾತು ಕೊಡುತ್ತೇನೆ.

ವಾಶಿ ಬೆಕ್ಕಿನಜ್ಜಿ:
ಎತ್ತರದಿಂದ ಬಿದ್ದರೂ ಏನೂ ಆಗುವುದಿಲ್ಲ ಎಂದವರ ಕಾರಿನಲ್ಲಿ ಬೆಕ್ಕು ಕಳುಹಿಸುವುದೇ? ಹೋಗಲಿ, ಕ್ಯಾರಿಯರಿಗೆ ಬೆಲ್ಟ್ ಹಾಕು ಮಗಾ.

ಕೊತ್ರೂಡ್ ನಿವೃತ್ತ:
ಹಿಂದಿನ ಕೋಣೆಯ ಎರಡು ಕಿಟಕಿಗಳಿಗೆ ಜಾಳಿಗೆ ಹಾಕಲು ಬಡಗಿ ಭಾನುವಾರ ಬರುತ್ತಾನೆ. ನೈಲಾನ್ ಸಾಕು ಎಂದು ಅವನು ವಾದಿಸಿದ, ಡಾಕ್ಟ್ರು ಬರೆದದ್ದನ್ನು ಮರಾಠಿಯಲ್ಲಿ ಓದಿ ಹೇಳಿದ ಮೇಲೆ ತಂತಿಯದಕ್ಕೆ ಒಪ್ಪಿದ. ಮಾಟುಂಗಾದವರು ಅದರ ಮರುವಾರ ಬಂದರೆ ಎಲ್ಲವನ್ನೂ ಎಳೆದು ನೋಡಿ ಪರೀಕ್ಷಿಸಬಹುದು.